ಟಿಕೆಟ್ ದರ ಇರಲಿ, ಕಾರವಾರಕ್ಕೆ ಎರಡನೇ ವಾರ ಯಾಕಿಲ್ಲ?

ಸಿನಿಮಾ ಟಿಕೆಟ್ ತೆರಿಗೆ ಬಿಟ್ಟು ₹200 ದಾಟಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ನಿಯಮ ಹೊರಡಿಸಿತು. ಅದೇ ತಿಂಗಳ 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. 2017ರಲ್ಲೂ ಇಂಥದ್ದೇ ಆದೇಶ ಬಂದಿತ್ತು. ಪ್ರತಿ ಸಲವೂ ಚರ್ಚೆ ಒಂದೇ: ಮಾಲ್‌ನಲ್ಲಿ ಟಿಕೆಟ್ ಎಷ್ಟು, ಪಾಪ್‌ಕಾರ್ನ್ ಎಷ್ಟು, ನಾಲ್ಕು ಜನರ ಮನೆಯವರು ಸಿನಿಮಾಕ್ಕೆ ಹೋದರೆ ಖರ್ಚೆಷ್ಟು.

ಬೆಂಗಳೂರಿಗೆ ಅದು ಸರಿಯಾದ ಚರ್ಚೆಯೇ. ಆದರೆ ಕಾರವಾರ, ಕುಮಟಾ, ಶಿರಸಿಯ ಒಂಟಿ ಪರದೆಯ ಟಾಕೀಸುಗಳಲ್ಲಿ ಟಿಕೆಟ್ ₹200 ಮುಟ್ಟುವುದೇ ಅಪರೂಪ. ಇಲ್ಲಿಯ ತಕರಾರು ಬೇರೆ. ಶುಕ್ರವಾರ ಒಂದು ಕನ್ನಡ ಚಿತ್ರ ಬರುತ್ತದೆ. ಭಾನುವಾರ ಯಾರೋ ‘ಚೆನ್ನಾಗಿದೆ ಮಾರಾಯಾ’ ಅನ್ನುತ್ತಾರೆ. ಮುಂದಿನ ಶನಿವಾರ ಮನೆಯವರನ್ನೆಲ್ಲ ಕರೆದುಕೊಂಡು ಹೋಗೋಣ ಅಂದುಕೊಂಡರೆ ಅಷ್ಟರಲ್ಲಿ ಪೋಸ್ಟರ್ ಬದಲಾಗಿರುತ್ತದೆ. ಟಿಕೆಟ್ ದುಬಾರಿ ಅಂತ ನೋಡದೇ ಇದ್ದವರಿಗಿಂತ, ನೋಡಬೇಕು ಅನ್ನುವಷ್ಟರಲ್ಲಿ ಚಿತ್ರವೇ ಹೋಗಿತ್ತು ಅನ್ನುವವರು ನಮ್ಮ ಕಡೆ ಜಾಸ್ತಿ ಸಿಗುತ್ತಾರೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಬುಕಿಂಗ್ ಹೇಗೆ ನಡೆಯುತ್ತದೆ ಅಂತ ನೋಡಬೇಕು. ಯಾವ ಟಾಕೀಸಿಗೆ ಯಾವ ವಾರ ಯಾವ ಚಿತ್ರ, ಯಾವ ಷರತ್ತಿಗೆ ಅಂತ ಕುದುರಿಸುವ ಕೆಲಸ ಅದು. ಶಿರಸಿಯಲ್ಲಿ ಹಿರಿಯರೊಬ್ಬರಿದ್ದಾರೆ. ಹುಡುಗನಾಗಿದ್ದಾಗಲೇ ಹುಬ್ಬಳ್ಳಿಯ ಹಂಚಿಕೆ ಕಚೇರಿ ಸೇರಿ, ಆಮೇಲೆ ಜಿಲ್ಲೆಯ ಹಲವು ಟಾಕೀಸುಗಳಿಗೆ ಚಿತ್ರ ಹೊಂದಿಸಿಕೊಟ್ಟು ಜೀವನ ತೆಗೆದವರು. ಊರಲ್ಲಿ ಎಲ್ಲರಿಗೂ ಅವರು ‘ಬುಕಿಂಗ್ ಮಾವ’. ಈ ವ್ಯವಹಾರದ ಒಳಸುಳಿಗಳಲ್ಲಿ ನನಗೆ ಗೊತ್ತಾದದ್ದರಲ್ಲಿ ಅರ್ಧ ಅವರ ಜಗಲಿಯಲ್ಲಿ ಕೂತು ಕೇಳಿದ್ದು.

ಮೊದಲು ಈ ವ್ಯಾಪಾರದ ನಕ್ಷೆ ನೋಡೋಣ. ಅದು ಸರ್ಕಾರದ ನಕ್ಷೆಗಿಂತ ಬೇರೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಸಿನಿಮಾ ವ್ಯಾಪಾರ ಮಾತ್ರ ಹಳೇ ಗಡಿಯನ್ನೇ ಹಿಡಿದುಕೊಂಡಿತು. ಹಿಂದಿ ಚಿತ್ರಗಳ ಲೆಕ್ಕದಲ್ಲಿ ಹಳೇ ಮುಂಬೈ ಕರ್ನಾಟಕ ಮುಂಬೈ ಸರ್ಕಿಟ್‌ನ ಅಂದರೆ ಹಂಚಿಕೆ ವಲಯದ ಭಾಗವಾಗಿಯೇ ಉಳಿಯಿತು. ಕನ್ನಡ ಚಿತ್ರಗಳ ಹಂಚಿಕೆಗೆ ಬೇರೆ ವಿಭಾಗಗಳು. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿ.ಕೆ.ಟಿ. ಮೈಸೂರು, ಮಂಡ್ಯ, ಹಾಸನದ ಕಡೆಯದು ಎಂ.ಎಂ.ಸಿ.ಎಚ್. ನಮ್ಮ ಕಡೆಯವರು ಹುಬ್ಬಳ್ಳಿಯ ಮುಖ ನೋಡಬೇಕು. ಹೀಗಾಗಿ ಕಾರವಾರದ ಟಾಕೀಸಿನವರು ಹಿಂದಿ ಚಿತ್ರಕ್ಕೆ ಒಂದು ದಿಕ್ಕಿಗೆ ಹೋಗಬೇಕಿತ್ತು, ಕನ್ನಡ ಚಿತ್ರಕ್ಕೆ ಹುಬ್ಬಳ್ಳಿ ಅಥವಾ ಬೆಂಗಳೂರಿನ ಗಾಂಧಿನಗರ. ಎರಡೂ ಕಡೆ ಪರಿಚಯ ಇದ್ದವರಿಗೆ ಬೆಲೆ ಇತ್ತು. ಬುಕಿಂಗ್ ಮಾವನಂಥವರು ಹುಟ್ಟಿಕೊಂಡದ್ದೇ ಹಾಗೆ.

ಆಗ ಚಿತ್ರ ಅಂದರೆ ಹೊರುವ ಸಾಮಾನು. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಸಾವಿರ ಅಡಿಯ ರೀಲಿನ ಲೆಕ್ಕದಲ್ಲಿ 14 ಡಬ್ಬಿ. ಪೆಟ್ಟಿಗೆ ಸೇರಿಸಿದರೆ 40 ಕೆ.ಜಿ. ಹತ್ತಿರ ತೂಕ. ಅದು ಹುಬ್ಬಳ್ಳಿಯಿಂದ ಬಸ್ಸಿನ ಟಾಪ್ ಏರಿ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆ ಮೇಲೆ ಕಾರವಾರಕ್ಕೆ ಬರಬೇಕು. ಪ್ರಿಂಟುಗಳು, ಅಂದರೆ ಚಿತ್ರದ ಪ್ರತಿಗಳು, ಕಮ್ಮಿ. ದೊಡ್ಡ ಊರಲ್ಲಿ ಓಡಿ ಮುಗಿದ ಮೇಲೆ ನಮ್ಮ ಸರದಿ.

ಪೆಟ್ಟಿಗೆ ಬಂದ ರಾತ್ರಿ ಆಪರೇಟರ್ ಮತ್ತು ಮಾವ ಇಬ್ಬರೂ ಕೂತು ರೀಲು ಬಿಚ್ಚುತ್ತಿದ್ದರಂತೆ. ಫಿಲಂನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸುತ್ತುತ್ತಾ ಹೋಗುವುದು. ಹಲ್ಲಿನ ತೂತು ಹರಿದಿದ್ದರೆ ಬೆರಳಿಗೆ ತಾಗುತ್ತದೆ. ಎಲ್ಲಿ ಅಂಟಿಸಿದ್ದು ಬಿಟ್ಟಿದೆ, ಯಾವ ರೀಲಿನಲ್ಲಿ ಎಷ್ಟು ಅಡಿ ಕಮ್ಮಿ, ಹಾಡಿನ ನಡುವೆ ಎಲ್ಲಿ ಕತ್ತರಿ ಬಿದ್ದಿದೆ, ಎಲ್ಲ ಒಂದು ಚೀಟಿಯಲ್ಲಿ ಬರೆದು ವಾಪಸ್ ಕಳಿಸಬೇಕು. ಇಲ್ಲದಿದ್ದರೆ ಹಿಂದಿನ ಊರವರು ಹರಿದದ್ದಕ್ಕೆ ನಮ್ಮವರು ದಂಡ ಕಟ್ಟಬೇಕು. ಹಂಚಿಕೆದಾರರ ಕಡೆಯಿಂದ ಬಂದ ‘ರೆಪ್’ ಅಂದರೆ ಪ್ರತಿನಿಧಿ, ದಿನಾ ಕೌಂಟರಿನ ಪಕ್ಕ ಕೂತು ಟಿಕೆಟ್ ಎಣಿಸಿ ಡಿ.ಸಿ.ಆರ್., ಅಂದರೆ ದಿನದ ಗಳಿಕೆಯ ಲೆಕ್ಕ, ಬರೆಸುತ್ತಿದ್ದ. ಅವನ ಕಣ್ಣು ತಪ್ಪಿಸಿ ಹಳೇ ಟಿಕೆಟ್ಟನ್ನೇ ಮತ್ತೆ ಮಾರಿದ ಕಥೆಗಳೂ ಬೇಕಾದಷ್ಟಿವೆ. ಅವನ್ನು ಮಾವ ನಗುತ್ತಾ ಹೇಳುತ್ತಾರೆ, ಯಾವ ಟಾಕೀಸು ಅಂತ ಮಾತ್ರ ಹೇಳುವುದಿಲ್ಲ.

ಆದರೆ ಅವರ ನಿಜವಾದ ಬಂಡವಾಳ ಕ್ಯಾಲೆಂಡರ್. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಂದರಿನಲ್ಲಿ ಕೂಲಿ ಇಲ್ಲ, ಐಸ್ ಫ್ಯಾಕ್ಟರಿ ತಣ್ಣಗೆ, ಹೋಟೆಲಿನಲ್ಲಿ ಸಾಲದ ಪುಸ್ತಕ ದಪ್ಪ. ‘ಜೂನ್ ತಿಂಗಳಲ್ಲಿ ಕಾರವಾರಕ್ಕೆ ಎಂ.ಜಿ. ಕೊಟ್ಟು ಪಿಚ್ಚರ್ ತಗಂಡವ ಬಚಾವಾಗಿದ್ದು ಆನು ಕಂಡಿದ್ನಿಲ್ಲೆ ತಮಾ’ ಅನ್ನುತ್ತಾರೆ ಮಾವ. ಎಂ.ಜಿ. ಅಂದರೆ ಚಿತ್ರ ಓಡಲಿ ಬಿಡಲಿ ಕೊಡಲೇಬೇಕಾದ ದುಡ್ಡು. ಚೌತಿಗೆ ಮುಂಬೈ, ಗೋವಾದಿಂದ ಮಕ್ಕಳು ಊರಿಗೆ ಬರುತ್ತಾರೆ. ಆಗ ಹೊಸದೇ ಬೇಕು ಅಂತಿಲ್ಲ, ಮನೆ ಮಂದಿ ಕೂತು ನೋಡುವಂಥದ್ದು ಇದ್ದರೆ ಸಾಕು.

ಘಟ್ಟದ ಮೇಲೆ ಲೆಕ್ಕ ಬೇರೆ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಎಲ್ಲರೂ ಅಂಗಳದಲ್ಲಿ ಅಡಿಕೆ ಸುಲಿಯುತ್ತಾರೆ, ಸೆಕೆಂಡ್ ಶೋಗೆ ಕಾಗೆಯೂ ಬರುವುದಿಲ್ಲ. ಅಡಿಕೆ ಮಾರಿ ಕೈಗೆ ದುಡ್ಡು ಬಂದ ಮೇಲೆ ಅದೇ ಜನ ಜೀಪು ಮಾಡಿಕೊಂಡು ಬರುತ್ತಾರೆ. ಯಕ್ಷಗಾನ ಮೇಳಗಳ ತಿರುಗಾಟ ನಡೆಯುವ ತಿಂಗಳಲ್ಲಿ, ಒಳ್ಳೆಯ ಭಾಗವತರ ಆಟ ಇರುವ ದಿನ ಹತ್ತಿರದ ಟಾಕೀಸಿಗೆ ಹೊಡೆತ. ಮಾರಿಕಾಂಬೆ ಜಾತ್ರೆ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ. ಆಗ ನಾಟಕ ಕಂಪನಿ, ಸರ್ಕಸ್ಸು ಎಲ್ಲದರ ಜೊತೆ ಸ್ಪರ್ಧೆ. ಆದರೂ ಜನ ಎಷ್ಟಿರುತ್ತಾರೆ ಅಂದರೆ ಟಾಕೀಸಿಗೂ ಪಾಲು ಸಿಗುತ್ತದೆ. ಕಾರವಾರದಲ್ಲಿ ನೌಕಾನೆಲೆ ಬಂದ ಮೇಲೆ, ಕೈಗಾದಲ್ಲಿ ಹೊರಗಿನ ಎಂಜಿನಿಯರುಗಳು ನೆಲೆಸಿದ ಮೇಲೆ ಹಿಂದಿ ಚಿತ್ರಕ್ಕೆ ಬೇರೆಯೇ ಒಂದು ಗಿರಾಕಿ ವರ್ಗ ಹುಟ್ಟಿತು. ಅದು ಕುಮಟೆಯಲ್ಲಿ ಇಲ್ಲ, ಶಿರಸಿಯಲ್ಲಂತೂ ಇಲ್ಲವೇ ಇಲ್ಲ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವ ಅಗತ್ಯ ಯಾಕಿತ್ತು? ಎಂ.ಜಿ. ಇತ್ತಲ್ಲ, ಅದಕ್ಕೆ. ಮಿನಿಮಮ್ ಗ್ಯಾರಂಟಿ. ಚಿತ್ರ ಓಡಲಿ ಬಿಡಲಿ, ಇಷ್ಟು ದುಡ್ಡು ಕೊಡುತ್ತೇನೆ ಅಂತ ಹುಬ್ಬಳ್ಳಿಯ ಹಂಚಿಕೆದಾರ ನಿರ್ಮಾಪಕನಿಗೆ ಮೊದಲೇ ಕಟ್ಟುತ್ತಿದ್ದ. ಕಟ್ಟಿದ ಮೇಲೆ ಅದನ್ನು ತನ್ನ ವಿಭಾಗದಲ್ಲೇ ಹುಟ್ಟಿಸಬೇಕು. ಹುಬ್ಬಳ್ಳಿ, ಬೆಳಗಾವಿಯಲ್ಲಿ ಬಂದದ್ದು ಸಾಲದಿದ್ದರೆ ಕಾರವಾರ, ಅಂಕೋಲೆ, ಕುಮಟಾ, ಹೊನ್ನಾವರ, ಭಟ್ಕಳ. ಅಲ್ಲಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ. ಆಮೇಲೆ ಟೆಂಟು. ಒಂದೊಂದು ಊರಿನ ಒಂದೊಂದು ವಾರವೂ ಅವನಿಗೆ ಬಡ್ಡಿಯ ಪ್ರಶ್ನೆ. ಹಾಗಾಗಿ ಚಿತ್ರ ಎಲ್ಲಿ ಓಡಬಹುದೋ ಅಲ್ಲಿ ಓಡಿಸುವ ಚಟ ಅವನಿಗಿತ್ತು. ಸಿನಿಮಾ ಪ್ರೀತಿ ಅಂತ ನಾನು ಹೇಳುವುದಿಲ್ಲ. ಅವನ ದುಡ್ಡು ನಮ್ಮ ಊರಿನಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೆ.

ಇದೇ ನನ್ನ ಮುಖ್ಯ ಮಾತು. ಇವತ್ತು ಕಾರವಾರದಲ್ಲಿ ಒಂದು ಕನ್ನಡ ಚಿತ್ರ ಓಡಲೇಬೇಕು ಅಂತ ದುಡ್ಡು ಸಿಕ್ಕಿಸಿಕೊಂಡವರು ಹೆಚ್ಚಿನ ಸಲ ಯಾರೂ ಇರುವುದಿಲ್ಲ. ದೊಡ್ಡ ನಿರ್ಮಾಣ ಸಂಸ್ಥೆಗಳು ತಾವೇ ಬಿಡುಗಡೆ ಮಾಡುತ್ತವೆ, ಹಂಚಿಕೆದಾರರು ಕಮಿಷನ್ ಮೇಲೆ ಕೆಲಸ ಮಾಡುತ್ತಾರೆ. ಸಣ್ಣ ನಿರ್ಮಾಪಕರಂತೂ ತಾವೇ ಕೈಯಿಂದ ಖರ್ಚು ಹಾಕಿ ಬಿಡುಗಡೆ ಮಾಡಿಸುತ್ತಾರೆ. ಕಮಿಷನ್‌ನವರಿಗೆ ಬೆಂಗಳೂರಿನ ಮೊದಲ ಮೂರು ದಿನ ಮುಖ್ಯ. ಭಟ್ಕಳದ ಎಂಟನೇ ದಿನದಿಂದ ಬರುವ ಕಮಿಷನ್ ಫೋನಿನ ಖರ್ಚಿಗೂ ಸಾಲದು. ‘ಫೋನ್ ಮಾಡಿದ್ರೆ ಆಚೆ ಬದಿಂದ, ಶಿರಸಿ ಘಟ್ಟದ ಮೇಲಾ ಕೆಳಗಾ ಅಂತ ಕೇಳ್ತ’ ಅಂತ ಮಾವ ಹೇಳಿದಾಗ ನಗು ಬಂತು. ಆದರೆ ಕೇಳುವವನ ತಪ್ಪೇನೂ ಇಲ್ಲ. ಅದು ಗೊತ್ತಿರಬೇಕಾದ ಅಗತ್ಯವೇ ಅವನಿಗಿಲ್ಲ.

ಡಿಜಿಟಲ್ ಬಂದದ್ದರಿಂದ ಹೀಗಾಯಿತು ಅಂತ ಸುಲಭವಾಗಿ ಹೇಳಿಬಿಡಬಹುದು. ಅದು ಪೂರ್ತಿ ನಿಜವಲ್ಲ. ಯು.ಎಫ್.ಓ., ಕ್ಯೂಬ್‌ನಂಥ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳ ಸರ್ವರ್‌ಗಳು ಬಂದದ್ದರಿಂದಲೇ ಗಾಂಧಿನಗರದಲ್ಲಿ ಬಿಡುಗಡೆಯಾದ ದಿನವೇ ಶಿರಸಿಯಲ್ಲೂ ಹೊಸ ಚಿತ್ರ ಸಿಗುವಂತಾಯಿತು. ಗೀಚು ಬಿದ್ದು ಮಳೆ ಸುರಿಯುವ ಪ್ರಿಂಟು ಹೋಯಿತು. ಅದೊಂದು ದೊಡ್ಡ ನ್ಯಾಯವೇ. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೂ ಚಿತ್ರ ಬರುತ್ತದೆ, ಉಪಗ್ರಹದಿಂದಲೋ ಡಿಸ್ಕಿನಿಂದಲೋ.

ಆದರೆ ಚಿತ್ರ ಬಂದ ಮಾತ್ರಕ್ಕೆ ಆಗಲಿಲ್ಲ. ಅದನ್ನು ತೆರೆಯಲು ‘ಕೀ’ ಬೇಕು, ಒಂದು ಡಿಜಿಟಲ್ ಬೀಗದ ಕೈ. ಆ ಕೀ ಒಂದು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ದಿನಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಗುರುವಾರ ರಾತ್ರಿ ಅವಧಿ ಮುಗಿದರೆ ಮುಗಿಯಿತು. ರೀಲಿನ ಕಾಲದಲ್ಲಿ ಚಿತ್ರ ಚೆನ್ನಾಗಿ ಓಡುತ್ತಿದ್ದರೆ ‘ಬಸ್ ತಪ್ಪಿತು’ ಅಂತ ಹೇಳಿ ಒಂದು ದಿನ ಪೆಟ್ಟಿಗೆ ಇಟ್ಟುಕೊಳ್ಳುವವರಿದ್ದರು. ಈಗ ಬಸ್ ತಪ್ಪುವುದಿಲ್ಲ. ಮುಂದುವರಿಸಬೇಕಾದರೆ ಮತ್ತೆ ಕೇಳಬೇಕು, ಮತ್ತೆ ಶುಲ್ಕ. ಈ ಶುಲ್ಕಕ್ಕೆ ವಿ.ಪಿ.ಎಫ್. ಅಂತ ಹೆಸರು, ವರ್ಚುವಲ್ ಪ್ರಿಂಟ್ ಫೀ. ಪ್ರಿಂಟು ಹಾಕಿಸುವ ಖರ್ಚು ಉಳಿಯಿತಲ್ಲ, ಅದರಲ್ಲಿ ಒಂದು ಪಾಲನ್ನು ಪ್ರೊಜೆಕ್ಟರ್ ಹಾಕಿಸಿಕೊಟ್ಟ ಕಂಪನಿಗೆ ಕೊಡಿ ಅನ್ನುವ ಲೆಕ್ಕ. ಇದರ ವಿರುದ್ಧವೇ 2018ರ ಮಾರ್ಚ್‌ನಲ್ಲಿ ದಕ್ಷಿಣದ ರಾಜ್ಯಗಳ ನಿರ್ಮಾಪಕರು, ಹಂಚಿಕೆದಾರರು ಹೊಸ ಚಿತ್ರಗಳ ಬಿಡುಗಡೆ ನಿಲ್ಲಿಸಿದ್ದರು. 2025ರಲ್ಲಿ ಸ್ಪರ್ಧಾ ಆಯೋಗ ಯು.ಎಫ್.ಓ., ಕ್ಯೂಬ್ ಎರಡಕ್ಕೂ ದಂಡವನ್ನೂ ಹಾಕಿತು, ಟಾಕೀಸುಗಳ ಜೊತೆ ಮಾಡಿಕೊಂಡ ಬಾಡಿಗೆ ಒಪ್ಪಂದದ ಷರತ್ತುಗಳ ವಿಷಯದಲ್ಲಿ. ಇಷ್ಟು ವರ್ಷ ಆದರೂ ಆ ಶುಲ್ಕ ನಿಂತಿಲ್ಲ. ದೊಡ್ಡ ಚಿತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಸಣ್ಣ ಚಿತ್ರದ ನಿರ್ಮಾಪಕ ಮಾತ್ರ ಯಲ್ಲಾಪುರಕ್ಕೆ ಕೊಟ್ಟರೆ ಶುಲ್ಕವಾದರೂ ಹುಟ್ಟುತ್ತದಾ ಅಂತ ಯೋಚಿಸುತ್ತಾನೆ, ಯೋಚಿಸಿ ಬಿಟ್ಟುಬಿಡುತ್ತಾನೆ.

ಈಗ ಒಂದು ಕಾಗದದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಯಾವ ಟಾಕೀಸಿನದೂ ಅಲ್ಲ. 400 ಸೀಟು, ದಿನಕ್ಕೆ 4 ಶೋ, ವಾರಕ್ಕೆ 28. ತೆರಿಗೆ ಬಿಟ್ಟು ಟಿಕೆಟ್ ₹100. ಸರಾಸರಿ ಶೋಗೆ 60 ಜನ ಬಂದರೆ ವಾರಕ್ಕೆ 1,680 ಟಿಕೆಟ್, ₹1,68,000. ಮೊದಲ ವಾರ ಅರ್ಧ ಹಂಚಿಕೆದಾರರಿಗೆ ಹೋದರೆ ಟಾಕೀಸಿಗೆ ಉಳಿಯುವುದು ₹84,000, ದಿನಕ್ಕೆ ₹12,000. ಅದರಲ್ಲಿ ಕರೆಂಟು, ನೌಕರರು, ಪ್ರೊಜೆಕ್ಟರ್, ಗುಡಿಸುವುದು, ಮಳೆಗಾಲದಲ್ಲಿ ಸೋರುವ ಸೂರಿನ ರಿಪೇರಿ. ಆರು ಜನ ಕೂತ ಮಾರ್ನಿಂಗ್ ಶೋಗೂ ಅರವತ್ತು ಜನರ ಶೋದಷ್ಟೇ ಕರೆಂಟು. ಅದಕ್ಕೇ ಹತ್ತು ಜನ ಆಗದಿದ್ದರೆ ಶೋ ಇಲ್ಲ ಅಂತ ವಾಪಸ್ ಕಳಿಸುವುದು.

ಪಾಲಿನ ಇಳಿಜಾರನ್ನೂ ಗಮನಿಸಿ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ಜಗಳವಾಗಿ ಒಂದು ಒಪ್ಪಂದ ಆಯಿತು. ಹಂಚಿಕೆದಾರರಿಗೆ ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ಆಮೇಲೆ ಶೇ 30. ಒಂಟಿ ಪರದೆಗಳಲ್ಲಿ ಷರತ್ತು ಕುದುರಿಸಿದಂತೆ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಾದರೆ ಟಾಕೀಸಿಗೆ ವಾರದ ಬಾಡಿಗೆ ಕಟ್ಟುವ ಪದ್ಧತಿ ಬಹುಕಾಲದಿಂದ ಇದೆ. ಪರ್ಸೆಂಟೇಜ್ ಇರುವ ಕಡೆ ಮಾತ್ರ ಇಳಿಜಾರು ಹೀಗೇ. ಅಂದರೆ ಎರಡನೇ ವಾರ ಟಾಕೀಸಿನವರಿಗೆ ಒಳ್ಳೆಯದು, ಕಳಿಸುವವರಿಗೆ ಆಸಕ್ತಿ ಕಮ್ಮಿ. ಬೇಕಾದವರ ಕೈಯಲ್ಲಿ ಕೀ ಇಲ್ಲ, ಕೀ ಇದ್ದವರಿಗೆ ಬೇಕಾಗಿಲ್ಲ.

ಹಾಗಾದರೆ ಟಾಕೀಸಿನವರು ಟಿಕೆಟ್ ದರ ಸ್ವಲ್ಪ ಏರಿಸಿಕೊಳ್ಳಲಿ ಅಂತ ಯಾರಾದರೂ ಹೇಳಬಹುದು. ಇಲ್ಲಿ ಜಿ.ಎಸ್.ಟಿ.ಯ ಗೆರೆ ಅಡ್ಡ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್‌ಗೆ ಶೇ 5, ಅದಕ್ಕೂ ಜಾಸ್ತಿ ಇದ್ದರೆ ಶೇ 18. ₹100ರ ಟಿಕೆಟ್‌ಗೆ ತೆರಿಗೆ ₹5, ಒಟ್ಟು ₹105. ಅದನ್ನೇ ₹110 ಮಾಡಿದರೆ ತೆರಿಗೆ ₹19.80, ಒಟ್ಟು ₹129.80. ಟಾಕೀಸಿನವರು ಏರಿಸಿದ್ದು ಹತ್ತು ರೂಪಾಯಿ, ಪ್ರೇಕ್ಷಕರ ಜೇಬಿನಿಂದ ಹೋದದ್ದು ₹24.80. ಆ ಹತ್ತರಲ್ಲೂ ಅರ್ಧ ಹಂಚಿಕೆದಾರರಿಗೆ! ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಗೆರೆ ಇದು, ₹100ರದ್ದು. ₹200ರ ಗೆರೆ ಬಗ್ಗೆ ಕೋರ್ಟು ಏನೇ ಹೇಳಿದರೂ ಕುಮಟಾದ ಕೌಂಟರಿನಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ.

ಇಷ್ಟು ದಿನ ಇದನ್ನು ಯಾರೂ ದೊಡ್ಡ ಸಮಸ್ಯೆ ಅಂತ ಮಾಡಲಿಲ್ಲ, ಯಾಕೆಂದರೆ ಬೇರೆ ಕಡೆಯಿಂದ ದುಡ್ಡು ಬರುತ್ತಿತ್ತು. ಮೊದಲು ಟಿವಿ ಹಕ್ಕು, ಕೊರೋನಾ ಹೊತ್ತಿಗೆ ಓ.ಟಿ.ಟಿ. ಆದರೆ ಈಚಿನ ವರ್ಷಗಳಲ್ಲಿ ಓ.ಟಿ.ಟಿ. ಕಂಪನಿಗಳು ಸಣ್ಣ ಕನ್ನಡ ಚಿತ್ರಗಳನ್ನು ಕೊಳ್ಳುವುದು ಬಹಳ ಕಮ್ಮಿ ಮಾಡಿವೆ. 2025ರ ಬಜೆಟ್‌ನಲ್ಲಿ ಸರ್ಕಾರವೇ ಒಂದು ಓ.ಟಿ.ಟಿ. ತರುತ್ತೇವೆ ಅಂತ ಹೇಳಬೇಕಾಗಿ ಬಂದದ್ದು ಇದಕ್ಕೇ. ಹಾಗಾಗಿ ಸಣ್ಣ ನಿರ್ಮಾಪಕನಿಗೆ ಮತ್ತೆ ಟಾಕೀಸಿನ ದುಡ್ಡೇ ಗತಿ. ಊರೂರು ತಿರುಗಿ ಆ ದುಡ್ಡು ಹುಟ್ಟಿಸುತ್ತಿದ್ದ ಜಾಲ ಮಾತ್ರ ಅಷ್ಟರಲ್ಲಿ ಕಳಚಿ ಹೋಗಿದೆ. ಓ.ಟಿ.ಟಿ.ಗೆ ಮಾರಾಟವಾದ ಚಿತ್ರಗಳದ್ದು ಇನ್ನೊಂದು ಕಥೆ. ದಕ್ಷಿಣದ ಭಾಷೆಗಳ ಚಿತ್ರಗಳು ಹೆಚ್ಚಾಗಿ ನಾಲ್ಕು ವಾರಕ್ಕೇ ಫೋನಿಗೆ ಬಂದುಬಿಡುತ್ತವೆ. ಅಷ್ಟರೊಳಗೆ ಸಿದ್ದಾಪುರದವರೆಗೆ ತಿರುಗಿಸಲು ಪುರುಸೊತ್ತೆಲ್ಲಿ?

‘ಸು ಫ್ರಮ್ ಸೋ’ ಬಂತಲ್ಲ, ಅದು ಓಡಲಿಲ್ವಾ ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2025ರ ಜುಲೈ 25ರಂದು, ಮೀನುಗಾರಿಕೆ ನಿಷೇಧ ಇನ್ನೂ ಮುಗಿಯದ ಮಳೆಯಲ್ಲಿ ಬಿಡುಗಡೆಯಾದ ಚಿತ್ರ ಅದು. ಸಣ್ಣದಾಗಿ ಶುರುವಾಗಿ, ಬಾಯಿಂದ ಬಾಯಿಗೆ ಹಬ್ಬಿ, ಶೋಗಳು ಏರುತ್ತಾ ಹೋದವು. ಮಾವನ ಜೂನ್-ಜುಲೈ ಸೂತ್ರ ಅಲ್ಲಿ ನಡೆಯಲಿಲ್ಲ. ಆದರೆ ಶೋ ಏರಿಸುವುದು ಯಾರಿಗೆ ಸುಲಭ ನೋಡಿ. ಮಲ್ಟಿಪ್ಲೆಕ್ಸ್‌ನಲ್ಲಿ ಐದಾರು ಪರದೆ ಇರುತ್ತವೆ, ಸಂಜೆ ನಿರ್ಧರಿಸಿದರೆ ಬೆಳಿಗ್ಗೆ ಇನ್ನೊಂದು ಪರದೆಗೆ ಹಾಕುತ್ತಾರೆ. ಒಂದೇ ಪರದೆಯ ಊರಿನಲ್ಲಿ ಮುಂದಿನ ಶುಕ್ರವಾರದ ದೊಡ್ಡ ಚಿತ್ರಕ್ಕೆ ನಾಲ್ಕೂ ಶೋ ಬರೆದುಕೊಟ್ಟು ಆಗಿರುತ್ತದೆ. ನಾಲ್ಕು ಶೋ ಕೊಡದಿದ್ದರೆ ಆ ದೊಡ್ಡ ಚಿತ್ರ ಸಿಗುವುದಿಲ್ಲ. ಅದಕ್ಕೇ ಕಾರವಾರದ ಹುಡುಗರು ಒಳ್ಳೆಯ ಚಿತ್ರ ತಪ್ಪಿಹೋದರೆ ಮಡಗಾಂವಿಗೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಉಡುಪಿ ಕಡೆಗೆ ಹೋಗುವುದು. ಹೋಗಲಾಗದವರು ಬಿಡುತ್ತಾರೆ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನೇನೂ ಹೇಳುತ್ತಿಲ್ಲ. ಆಗಲೂ ಸ್ಟಾರ್ ಚಿತ್ರ ಬೇಕಾದರೆ ಅದರ ಜೊತೆ ಮೂರು ಡಬ್ಬಾ ಚಿತ್ರ ಕಟ್ಟಿಕೊಳ್ಳಬೇಕಿತ್ತು. ಎಂ.ಜಿ. ಸಾಲದಲ್ಲಿ ಮನೆ ಮಾರಿದವರಿದ್ದಾರೆ. ಸುಳ್ಳು ಡಿ.ಸಿ.ಆರ್. ಬರೆದು ನಿರ್ಮಾಪಕನ ಹೊಟ್ಟೆ ಮೇಲೆ ಹೊಡೆದದ್ದೂ ಇದೆ. ಆ ಪದ್ಧತಿ ವಾಪಸ್ ಬರುವುದಿಲ್ಲ, ಬರಲೂ ಬಾರದು.

ಆದರೆ ಎರಡು ಮೂರು ಸಂಗತಿ ಈಗಿನ ತಂತ್ರಜ್ಞಾನದಲ್ಲೇ ಆಗುತ್ತದೆ. ಮೇಲಿನ ಕಾಗದದ ಲೆಕ್ಕವನ್ನೇ ತಿರುಗಿಸಿ ನೋಡಿ. ವಾರಕ್ಕೆ 28 ಶೋ ಬದಲು ಫಸ್ಟ್ ಶೋ ಒಂದನ್ನೇ ಮೂರು ವಾರ ಕೊಟ್ಟರೆ 21 ಶೋ. ಸಂಜೆಯ ಹೊತ್ತು, ಸುದ್ದಿ ಹಬ್ಬಲು ಸಮಯ ಇದೆ. ಶೋಗೆ 100 ಜನ ಬಂದರೆ 2,100 ಟಿಕೆಟ್. ಶೋ ಕಮ್ಮಿ, ಟಿಕೆಟ್ ಜಾಸ್ತಿ, ಉಳಿದ ಮೂರು ಶೋ ಬೇರೆ ಚಿತ್ರಕ್ಕೆ. ನೂರು ಜನ ಬರುತ್ತಾರೆ ಅಂತ ಗ್ಯಾರಂಟಿ ಇಲ್ಲ, ಒಪ್ಪುತ್ತೇನೆ. ಆದರೆ ಪ್ರಯೋಗ ಮಾಡಲೂ ಈಗಿನ ಷರತ್ತು ಬಿಡುವುದಿಲ್ಲ. ಇದು ಆಗಬೇಕಾದರೆ ದೊಡ್ಡ ಚಿತ್ರಗಳು ಒಂಟಿ ಪರದೆಯ ಊರಲ್ಲಿ ಎರಡನೇ ವಾರದಿಂದಾದರೂ ‘ನಾಲ್ಕೂ ಶೋ ನಮಗೇ’ ಅನ್ನುವುದನ್ನು ಬಿಡಬೇಕು. ಡಿಜಿಟಲ್ ಕಂಪನಿಗಳು ಸಣ್ಣ ಊರಿಗೆ ಶೋ ಲೆಕ್ಕದಲ್ಲೇ ಶುಲ್ಕ ಹಾಕಬೇಕು. ನಿರ್ಮಾಪಕ, ಹಂಚಿಕೆದಾರ, ಪ್ರದರ್ಶಕ ಮೂವರೂ ಇರುವುದು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲೇ, ಮಾತಾಡಲು ಬೇರೆ ಜಾಗ ಹುಡುಕಬೇಕಿಲ್ಲ.

ಇನ್ನೊಂದು, ಊರು ಬಲ್ಲ ಮಧ್ಯವರ್ತಿ. ಇದು ಕಷ್ಟದ್ದು. ಮೊದಲು ತಾಲೂಕಿಗೆ ಒಂದೆರಡು ಟಾಕೀಸು, ಮೇಲೆ ಟೆಂಟು ಇದ್ದಾಗ ಬುಕಿಂಗ್ ಕಮಿಷನ್ನಿನಲ್ಲಿ ಒಂದು ಮನೆ ನಡೆಯುತ್ತಿತ್ತು. ಈಗ ಹಲವು ಟಾಕೀಸು ಕಲ್ಯಾಣ ಮಂಟಪವೋ ಗೋದಾಮೋ ಆಗಿವೆ. ಉಳಿದ ಪರದೆಗಳ ಕಮಿಷನ್ ಒಬ್ಬರ ಸಂಬಳಕ್ಕೆ ಸಾಲುವುದಿಲ್ಲ. ಆದರೆ ಈ ಕೆಲಸಕ್ಕೆ ಈಗ ಜಿಲ್ಲೆಯ ಗಡಿ ಯಾಕೆ ಬೇಕು? ಪೆಟ್ಟಿಗೆ ಹೊರುವುದಿಲ್ಲ, ಬಸ್ಸು ಹಿಡಿಯುವುದಿಲ್ಲ. ಸಾಗರ, ಹಾನಗಲ್ಲ, ಕುಂದಾಪುರದ ಪರದೆಗಳನ್ನೂ ಸೇರಿಸಿಕೊಂಡು ಒಬ್ಬರೇ ನೋಡಿಕೊಂಡರೆ ಲೆಕ್ಕ ಕೂಡಬಹುದು. ಕಮಿಷನ್ ಮಾತ್ರ ಎರಡನೇ ವಾರದಿಂದ ಜಾಸ್ತಿ ಆಗುವಂತೆ ಬರೆಯಬೇಕು. ಈಗಿರುವುದು ಅದರ ಉಲ್ಟಾ.

ಇದನ್ನು ಮಾವನ ಮುಂದೆ ಇಟ್ಟಾಗ ಅವರು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಮೊದಲು ಕೇಳಿದ್ದು, ಕುಂದಾಪುರದವರು ಹುಬ್ಬಳ್ಳಿ ಲೆಕ್ಕಕ್ಕೆ ಬರಲು ಒಪ್ಪುತ್ತಾರಾ ಅಂತ. ಎರಡನೇದು, ಅಡ್ವಾನ್ಸ್ ಯಾರು ಹಾಕುತ್ತಾರೆ ಅಂತ. ಈ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಸಣ್ಣ ಚಿತ್ರಗಳಿಗೆ ಸಬ್ಸಿಡಿ ಕೊಡುವ ಸರ್ಕಾರ, ಅದರಲ್ಲಿ ಒಂದು ಪಾಲನ್ನು ಚಿತ್ರ ಮಾಡಿದ್ದಕ್ಕೆ ಕೊಡುವ ಬದಲು ಜಿಲ್ಲೆಗಳಲ್ಲಿ ಓಡಿದ ಶೋಗಳ ಲೆಕ್ಕದ ಮೇಲೆ ಕೊಟ್ಟರೆ ಹೇಗೆ ಅಂತ ಒಂದು ಯೋಚನೆ ಇದೆ. ಎಷ್ಟು ಶೋ ಓಡಿತು ಅನ್ನುವುದು ಸರ್ವರ್‌ನಲ್ಲೇ ದಾಖಲಾಗಿರುತ್ತದೆ. ಖಾಲಿ ಹಾಲ್‌ನಲ್ಲಿ ಚಿತ್ರ ಓಡಿಸಿ ದುಡ್ಡು ಹೊಡೆಯುವವರು ಎದ್ದೇ ಏಳುತ್ತಾರೆ ಅಂತ ಮಾವ ಅಲ್ಲೇ ಹೇಳಿಬಿಟ್ಟರು. ಹಾಗಾಗದಂತೆ ಶೋ ಜೊತೆ ಟಿಕೆಟ್ಟಿನ ಲೆಕ್ಕವೂ ಬೇಕು, ಅಂದರೆ ಸಣ್ಣ ಊರಿನ ಕೌಂಟರಿಗೂ ಕಂಪ್ಯೂಟರ್ ಟಿಕೆಟ್ ಬರಬೇಕು. ಟಿಕೆಟ್ ದರದ ನಿಯಮಕ್ಕೆ ಮತ್ತೆ ಕೈ ಹಾಕುವಾಗ ಸರ್ಕಾರ ಈ ಒಂದು ಸಾಲನ್ನೂ ಅದರಲ್ಲಿ ಸೇರಿಸಬಹುದು.